ನೆಲ ಒಣಗುವವರೆಗೆ

ನೆಲ ಒರೆಸುವುದಕ್ಕೂ ಒಂದು ಕ್ರಮ ಇದೆ. ಒಳಗಿನ ಗೋಡೆಯಿಂದ ಶುರುಮಾಡಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ, ಬಾಗಿಲಿಗೆ ಬಂದು ಮುಗಿಸಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಇದನ್ನು ಹೇಳಿಕೊಡುತ್ತಾರೆ. ಹೇಳಿಕೊಡದಿದ್ದರೂ ತಲೆಯಲ್ಲಿ ಒಂದಿಷ್ಟು ಮಿದುಳಿದ್ದವರಿಗೆ ತಿಳಿಯುತ್ತದೆ. ನಾನು ಈ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಹಾಗೇ ಒರೆಸಿದ್ದೇನೆ, ಒಂದು ಕೋಣೆ ಬಿಟ್ಟು. ಎರಡನೇ ಮಹಡಿಯ ಪ್ರಾರ್ಥನಾ ಕೋಣೆಯನ್ನು ಮಾತ್ರ ಬಾಗಿಲಿನಿಂದ ಶುರುಮಾಡಿ ಒಳಮೂಲೆಯಲ್ಲಿ ಮುಗಿಸುತ್ತಿದ್ದೆ. ಅಂದರೆ ನನ್ನನ್ನು ನಾನೇ ಮೂಲೆಗೆ ಸೇರಿಸಿಕೊಳ್ಳುತ್ತಿದ್ದೆ. ನೆಲ ಒಣಗುವವರೆಗೆ ಹೊರಗೆ ಬರುವಂತಿಲ್ಲ, ಬಂದರೆ ಹೆಜ್ಜೆ ಮೂಡುತ್ತದೆ. ಬೇರೆ ದಾರಿಯಿಲ್ಲದೆ ಮೂಲೆಯ ಕುರ್ಚಿಯಲ್ಲಿ ಕೂರಬೇಕಾಗುತ್ತಿತ್ತು. ಫ್ಯಾನ್ ಹಾಕಿದರೆ ಹನ್ನೆರಡು ನಿಮಿಷ, ಹಾಕದಿದ್ದರೆ ಹದಿನೈದು. ಫ್ಯಾನ್ ನಾನು ಹಾಕುತ್ತಿರಲಿಲ್ಲ.

ಇದನ್ನು ಕಳ್ಳಾಟ ಅನ್ನುವವರು ಅನ್ನಲಿ. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕಸ ಗುಡಿಸುವವರಿಗೆ ಅಂತ ಒಂದು ಕುರ್ಚಿ ಇಲ್ಲ. ಮೆಟ್ಟಿಲ ಕೆಳಗೆ ಚೀಲ ನೇತುಹಾಕಲು ಮೊಳೆ ಇದೆ, ಅಷ್ಟೆ. ನನ್ನ ಎಡಮಂಡಿ ಮಧ್ಯಾಹ್ನ ಎರಡರ ಹೊತ್ತಿಗೆ ಊದಿಕೊಂಡು ಬೇರೆ ಯಾರದೋ ಮಂಡಿಯಾಗಿಬಿಡುತ್ತದೆ. ಅದಕ್ಕೆ ನೀತಿ ಪಾಠ ಹೇಳಿದರೆ ಕೇಳುವುದಿಲ್ಲ.

ಆ ಕೋಣೆ ಮೊದಲು ಮುರಿದ ಗಾಲಿಕುರ್ಚಿಗಳ ಉಗ್ರಾಣವಾಗಿತ್ತು. ಪಕ್ಕದಲ್ಲೇ ಐಸಿಯು ಇರುವುದರಿಂದ, ರೋಗಿಗಳ ಕಡೆಯವರು ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿ ನಿಲ್ಲುವುದನ್ನು ನೋಡಿ, ಯಾರೋ ಪುಣ್ಯಾತ್ಮರು ಉಗ್ರಾಣ ಖಾಲಿ ಮಾಡಿಸಿದರು. ಎಲ್ಲ ದೇವರಿಗೂ ಸಲ್ಲುವ ಕೋಣೆ ಆದ್ದರಿಂದ ಯಾವ ದೇವರ ಚಿತ್ರವೂ ಇಲ್ಲ. ತಿಳಿ ಹಸಿರು ಗೋಡೆ, ಮಬ್ಬು ಗಾಜಿನ ಕಿಟಕಿ, ಒಂಬತ್ತು ಕುರ್ಚಿ. ಕುರ್ಚಿಗಳು ಯಾವ ದಿಕ್ಕಿಗೆ ಮುಖ ಮಾಡಬೇಕು ಅಂತ ಕಮಿಟಿಯವರು ಮೂರು ಸಲ ಮೀಟಿಂಗ್ ಮಾಡಿ, ಕೊನೆಗೆ ಯಾವ ದಿಕ್ಕಿಗೂ ಬೇಡ, ದುಂಡಗೆ ಹಾಕಿ ಅಂದರು. ಬಂದವರು ತಮಗೆ ಬೇಕಾದ ದಿಕ್ಕಿಗೆ ತಿರುಗಿಸಿಕೊಳ್ಳುತ್ತಾರೆ, ನಾನು ಮತ್ತೆ ದುಂಡಗೆ ಮಾಡುತ್ತೇನೆ. ಬರೀ ಗೋಡೆಗೆ ಮುಖ ಮಾಡಿದ ಕುರ್ಚಿ ಇದ್ದರೆ ಅಲ್ಲಿ ಅಳುವವರು ಕೂತಿದ್ದರು ಅಂತ ಲೆಕ್ಕ.

ಹೋದ ತಿಂಗಳ ಒಂದು ಮಧ್ಯಾಹ್ನ ಒರೆಸಿ ಮುಗಿಸಿ, ಕಣ್ಣು ಮುಚ್ಚಿ ಕೂತಿದ್ದೆ. ಪಕ್ಕದ ಕುರ್ಚಿ ಕಿರ್ ಅಂದಿತು. ಕಣ್ಣು ಬಿಟ್ಟರೆ ಒಬ್ಬ ಗಂಡಸು, ಬರಿಗಾಲಲ್ಲಿ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು, ಸದ್ದಾಗದಂತೆ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಬಾಗಿಲಿನಿಂದ ನನ್ನ ಪಾದದವರೆಗೂ ಒದ್ದೆ ನೆಲದ ಮೇಲೆ ಅವನ ಕಾಲ್ಬೆರಳ ತುದಿಗಳ ಗುರುತು. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಅವನೇ ಗಾಬರಿಯಿಂದ ಹೇಳಿದ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನಮ್ಮನೆಯವಳು ಏಳನೇ ಬೆಡ್ಡಲ್ಲಿದ್ದಾಳೆ. ಅವಳನ್ನೂ ಸೇರಿಸ್ಕೊಳ್ಳಿ."

ಎಲ್ಲಿಗೆ ಸೇರಿಸಿಕೊಳ್ಳಲಿ? ತಲೆಬುಡ ಅರ್ಥವಾಗಲಿಲ್ಲ. ನಿದ್ದೆಗಣ್ಣು ಬೇರೆ. "ಆಯ್ತು" ಅಂದುಬಿಟ್ಟೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತ. ನೆಲ ಒಣಗಿದ ಮೇಲೆ ಅವನ ಗುರುತುಗಳನ್ನು ಮತ್ತೆ ಒರೆಸುವಾಗ ಹೊಳೆಯಿತು. ಪುಣ್ಯಾತ್ಮ ನಾನು ಪ್ರಾರ್ಥನೆ ಮಾಡುತ್ತಿದ್ದೇನೆ ಅಂದುಕೊಂಡಿದ್ದ!

ಮರುದಿನ ಅವನು ಮತ್ತೆ ಬಂದ. ಬೀಗ ರಿಪೇರಿಯವನಂತೆ, ಬಸ್ ನಿಲ್ದಾಣದ ಹಿಂದೆ ಅಂಗಡಿಯಂತೆ. ನನ್ನ ಪಕ್ಕದಲ್ಲೇ ಕೂತ. ಅದನ್ನು ಬಾಗಿಲಲ್ಲಿ ನಿಂತಿದ್ದವರು ನೋಡಿದರು. ಅದರ ಮರುದಿನ ಒಬ್ಬಳು ಬಂದು, "ಅಮ್ಮಾ, ಮೂರನೇ ಬೆಡ್, ನಮ್ಮ ತಮ್ಮ" ಅಂದಳು. ಆಮೇಲೆ ಹನ್ನೊಂದನೇ ಬೆಡ್ಡಿನ ಮಗಳು. ಆಮೇಲೆ ಐದು. ವಾರ ಕಳೆಯುವಷ್ಟರಲ್ಲಿ ಅರ್ಧ ಐಸಿಯು ನನ್ನ ಸೆರಗಿಗೆ ಗಂಟು ಬಿದ್ದಿತ್ತು. ನಾನು ಏನೂ ಮಾಡುತ್ತಿಲ್ಲ, ಮಂಡಿ ನೋವಿಗೆ ಕೂತಿದ್ದೇನೆ ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದರೆ ಮುಗಿದಿರುತ್ತಿತ್ತು. ಆದರೆ ಹಾಗೆ ಕೇಳಿಕೊಂಡವರ ಮುಖವನ್ನು ನೀವು ನೋಡಿಲ್ಲ. ಆ ಮುಖಕ್ಕೆ ಇಲ್ಲ ಅನ್ನುವ ಗಟ್ಟಿತನ ನನ್ನ ಬಾಯಿಗೆ ಇಲ್ಲ, ಹೊರಗೆ ಎಷ್ಟೇ ಜೋರಿನವಳಾದರೂ.

ಹಾಗಂತ ಸುಳ್ಳು ಹೇಳಿ ಅನ್ನ ಅರಗಿಸಿಕೊಳ್ಳುವ ಹೊಟ್ಟೆಯೂ ಅಲ್ಲ ನನ್ನದು. ಏನೋ ಒಂದು ಮಾಡಬೇಕಲ್ಲ ಅಂತ, ಒರೆಸುವಾಗ ನಂಬರ್ ಹೇಳಿಕೊಳ್ಳತೊಡಗಿದೆ. ಮಾಪು ಆಚೆ ಹೋದಾಗ ಮೂರು, ಈಚೆ ಬಂದಾಗ ಐದು, ಆಚೆ ಏಳು, ಈಚೆ ಹನ್ನೊಂದು. ಚೆನ್ನಾಗಿರಲಿ ಅಂತ ಕೂಡ ಹೇಳುತ್ತಿರಲಿಲ್ಲ. ಬರೀ ನಂಬರು. ಇದು ಪ್ರಾರ್ಥನೆಯೋ, ಅಂಗಡಿಗೆ ಹೋಗುವಾಗ ಸಾಮಾನಿನ ಪಟ್ಟಿ ಮರೆಯದಂತೆ ಹೇಳಿಕೊಳ್ಳುತ್ತೇವಲ್ಲ, ಅದೋ? ನನಗೆ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ನಾನು ಪ್ರಾರ್ಥನೆ ಬಿಟ್ಟು ಮೂವತ್ತೊಂದು ವರ್ಷ. ಹೊಸದಾಗಿ ಮದುವೆಯಾದಾಗ ಅತ್ತೆಯ ಜೊತೆ ನಮ್ಮವರದೇ ಪ್ರಾರ್ಥನಾ ಮನೆಗೆ ಹೋಗಿದ್ದೆ. ಮುಂದಿನ ಚಾಪೆಯಲ್ಲಿ ಜಾಗ ಇತ್ತು, ಕೂತೆ. ಹಿರಿಯ ಹೆಂಗಸೊಬ್ಬಳು ನಗುನಗುತ್ತಲೇ ನನ್ನ ಭುಜ ಮುಟ್ಟಿ, "ನಿಮ್ಮಪ್ಪ ಚರಂಡಿ ಕೆಲಸದೋರಲ್ವಾ? ನಿನ್ನ ಜಾಗ ಅಲ್ಲಿ, ಚಪ್ಪಲಿ ಬಿಡೋ ಕಡೆ" ಅಂದಳು. ಅತ್ತೆ ಸುಮ್ಮನಿರು ಅಂತ ಕಣ್ಣಲ್ಲೇ ಹೇಳಿದರು. ಸುಮ್ಮನಿದ್ದೆ. ಎದ್ದು ಚಪ್ಪಲಿ ಬಿಟ್ಟ ಕಡೆ ಬಂದು, ನನ್ನ ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಅವನ ಮನೆಯಲ್ಲಿ ಜಾಗ ತೋರಿಸುವವರ ಮೇಲೆ ಸಿಟ್ಟು, ಇವತ್ತಿಗೂ ಆರಿಲ್ಲ. ಅಂಥವಳು ಈಗ ಪ್ರಾರ್ಥನಾ ಕೋಣೆಯ ಕುರ್ಚಿಯಲ್ಲಿ ಕೂತಿದ್ದೆ, ಜನ ಬಾಗಿಲಲ್ಲಿ ಕಾಯುತ್ತಿದ್ದರು. ಇದನ್ನು ಯೋಚಿಸಿದರೆ ನಗಬೇಕೋ ಅಳಬೇಕೋ ಗೊತ್ತಾಗುತ್ತಿರಲಿಲ್ಲ.

ಆ ಬಾಗಿಲಲ್ಲಿ ಕಾದವರಲ್ಲಿ ಒಬ್ಬರಿಗೆ ಸಹಿಸಲಾಗಲಿಲ್ಲ. ದೂರು ಬರೆದುಕೊಟ್ಟರು. ಸೋಮವಾರ ಸೂಪರ್‌ವೈಸರ್ ನನ್ನನ್ನು ಕರೆಸಿದ. ಹುಡುಗ ಒಳ್ಳೆಯವನು, ವಯಸ್ಸಿನಲ್ಲಿ ನನ್ನ ಮಗನಿಗಿಂತ ಒಂದು ವರ್ಷ ಚಿಕ್ಕವನು. ನನ್ನನ್ನು ಅಮ್ಮ ಅಂತಾನೆ, ಕೂರಿ ಅನ್ನುವುದಿಲ್ಲ. ದೂರನ್ನು ಓದಿ ಹೇಳಿದ. "ಕಸ ಗುಡಿಸುವ ಹೆಂಗಸು ಪ್ರಾರ್ಥನಾ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮರ್ಯಾದಸ್ಥರನ್ನು ಹೊರಗೆ ನಿಲ್ಲಿಸುತ್ತಾಳೆ."

"ಅಮ್ಮಾ, ನೀವು ನೆಲ ಯಾವ ಕಡೆಯಿಂದ ಒರೆಸ್ತೀರಿ?" ಅಂತ ಕೇಳಿದ.

"ಬಾಗಿಲ ಕಡೆಯಿಂದ" ಅಂದೆ.

ಅವನು ಪೆನ್ನು ಕೆಳಗಿಟ್ಟು ಹಣೆ ಉಜ್ಜಿಕೊಂಡ. ಮೇಜಿನ ಮೇಲೆ, ಆ ಕೋಣೆಯಲ್ಲಿ ಯಾಕೆ ಕೂತದ್ದು ಅಂತ ಕೇಳುವ ಒಂದು ಫಾರಂ ಇತ್ತು, ಅದರಲ್ಲಿ ಎರಡು ಚೌಕ. ಒಂದರ ಮುಂದೆ 'ಕೆಲಸದ ವೇಳೆಯಲ್ಲಿ ವಿಶ್ರಾಂತಿ'. ಇನ್ನೊಂದರ ಮುಂದೆ 'ಪ್ರಾರ್ಥನೆ'. "ನೋಡಿ, ಕೋಣೆ ಎಲ್ಲರದೂ ಅಂತ ಬೋರ್ಡ್ ಇದೆ. ಪ್ರಾರ್ಥನೆ ಮಾಡ್ತಿದ್ದೆ ಅಂದ್ರೆ ನಿಮ್ಮನ್ನ ಯಾರೂ ಎಬ್ಬಿಸೋ ಹಾಗಿಲ್ಲ. ಅಲ್ಲೇ ಮುಗೀತು. ವಿಶ್ರಾಂತಿ ಅಂದ್ರೆ ನಿಮ್ಮನ್ನ ಕೆಳಗಡೆ ಲಾಂಡ್ರಿಗೆ ಹಾಕ್ಬೇಕಾಗುತ್ತೆ."

ಲಾಂಡ್ರಿ ನೆಲಮಾಳಿಗೆಯಲ್ಲಿದೆ. ಇಳಿಯಲು ನಲವತ್ತೆರಡು ಮೆಟ್ಟಿಲು, ಒದ್ದೆ ಹಾಸಿಗೆ ಬಟ್ಟೆಯ ಹೊರೆ, ಕಿಟಕಿ ಇಲ್ಲ. ನನ್ನ ಮಂಡಿಗೆ ಅದು ತಿಂಗಳೊಪ್ಪತ್ತಿನ ಮಾತು, ಆಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದೇ. ಅದು ಅವನಿಗೂ ಗೊತ್ತಿತ್ತು.

"ನಾನು ಸುಮ್ನೆ ಇಲ್ಲಿ ಟಿಕ್ ಹಾಕ್ಲಾ?" ಅಂತ ಪೆನ್ನನ್ನು ಎರಡನೇ ಚೌಕದ ಮೇಲಿಟ್ಟ.

ಹೂಂ ಅನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ನನ್ನ ಬಾಯಿ, "ಯೋಚನೆ ಮಾಡಿ ಹೇಳ್ತೀನಿ ಸಾರ್" ಅಂದಿತು. ಅವನು ನನ್ನನ್ನು ತಲೆ ಕೆಟ್ಟವಳನ್ನು ನೋಡುವಂತೆ ನೋಡಿದ. ಗುರುವಾರ ಮಧ್ಯಾಹ್ನದವರೆಗೆ ಸಮಯ ಕೊಟ್ಟ.

ಸಂಜೆ ಮನೆಯಲ್ಲಿ ವಿಷಯ ಎತ್ತಿದೆ. ನನ್ನ ಯಜಮಾನರು ದರ್ಜಿ, ಮಾತಿನಲ್ಲೂ ಸೂಜಿ. ಹೊಲಿಗೆಯಿಂದ ತಲೆ ಎತ್ತದೆ, "ನಿದ್ದೆ ಮಾಡ್ತಿದ್ದೆ ಅಂತ ಬರ್ಕೊಡು. ಗೊರಕೆಗೆ ಸಾಕ್ಷಿ ಬೇಕಂದ್ರೆ ನಾನು ಬರ್ತೀನಿ, ಮೂವತ್ತೊಂದು ವರ್ಷದ ಅನುಭವ ಇದೆ" ಅಂದರು.

"ನಾನು ಗೊರಕೆ ಹೊಡೆಯಲ್ಲ ರೀ."

"ಹೌದೌದು. ಪಕ್ಕದ ಮನೆಯವರು ರಾತ್ರಿಯೆಲ್ಲ ಮರ ಕೊಯ್ತಾರೆ."

ನನ್ನ ತಂಗಿಯೂ ಬಂದಿದ್ದಳು. ಅವಳು ದಿನಾ ಎರಡು ಹೊತ್ತು ಪ್ರಾರ್ಥನೆ ಮಾಡುವವಳು. "ಅಕ್ಕಾ, ಪ್ರಾರ್ಥನೆ ಅಂತಾನೇ ಹೇಳು. ಇಷ್ಟು ಜನ ಕೇಳ್ಕೊಂಡಿದ್ದಾರೆ ಅಂದ್ರೆ ನಿನ್ನಲ್ಲಿ ಏನೋ ಕಂಡಿರ್ಬೇಕು" ಅಂದಳು. ಕಂಡದ್ದು ಕಣ್ಣು ಮುಚ್ಚಿದ ಒಬ್ಬ ಮುದುಕಿ, ಅಷ್ಟೇ ತಾನೆ? ಪ್ರಾರ್ಥನೆ ಅಂತ ಬರೆದರೆ ಸುಳ್ಳು ಬರೆದಂತೆ. ವಿಶ್ರಾಂತಿ ಅಂತ ಬರೆದರೆ ಮೂರು, ಐದು, ಏಳು, ಹನ್ನೊಂದಕ್ಕೆ ಇಷ್ಟು ದಿನ ಮೋಸ ಮಾಡಿದೆ ಅಂತ ನಾನೇ ರುಜು ಹಾಕಿಕೊಟ್ಟಂತೆ. ಇನ್ನೂ ಒಂದು ಮುಳ್ಳು ಒಳಗೆ ಚುಚ್ಚುತ್ತಿತ್ತು, ಅದನ್ನು ಇವರಿಬ್ಬರಿಗೂ ಹೇಳಲಾಗಲಿಲ್ಲ. ಊದಿದ ಮಂಡಿಯ ಹೆಂಗಸು ಖಾಲಿ ಇರುವ ಕುರ್ಚಿಯಲ್ಲಿ ಹದಿನೈದು ನಿಮಿಷ ಕೂರಬೇಕಾದರೆ ದೇವರ ಶಿಫಾರಸು ಬೇಕಾ? ಅದಿಲ್ಲದಿದ್ದರೆ ಮತ್ತೆ ಚಪ್ಪಲಿ ಬಿಡುವ ಕಡೆಗೇನಾ?

ಮಂಗಳವಾರ, ಬುಧವಾರ ಒರೆಸಿದೆ. ಹೆದರಿಕೆಗೆ ಮೂಲೆಯಲ್ಲಿ ಕೂರದೆ ನಿಂತೇ ಇದ್ದೆ. ನಂಬರುಗಳನ್ನು ಮಾತ್ರ ಬಿಡಲಿಲ್ಲ. ಎರಡು ದಿನವೂ ಬೀಗದವನು ಬರಲಿಲ್ಲ. ಹೆಂಡತಿ ವಾರ್ಡಿಗೆ ಬಂದಿರಬೇಕು, ಇನ್ನು ಈ ಕಡೆ ಯಾಕೆ ಬರ್ತಾನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಒಂಚೂರು ಬೀಗಿದೆ ಕೂಡ.

ಗುರುವಾರ ಬೆಳಿಗ್ಗೆ ಐಸಿಯು ಬಾಗಿಲಲ್ಲಿ ಸಿಸ್ಟರ್ ಸಿಕ್ಕಿದರು. "ಏಳನೇ ಬೆಡ್ಡಿನವರು ಹೇಗಿದ್ದಾರೆ?" ಅಂತ ಕೇಳಿದೆ.

"ಪರವಾಗಿಲ್ಲ. ಆ ಅಜ್ಜ ಇವತ್ತು ಗಂಜಿ ಕುಡಿದ್ರು."

"ಯಾವ ಅಜ್ಜ? ಹೆಂಗಸಲ್ವಾ ಅಲ್ಲಿರೋದು?"

ಸಿಸ್ಟರ್ ನನ್ನ ತೋಳು ಹಿಡಿದುಕೊಂಡರು. "ಅವರು ಸೋಮವಾರ ರಾತ್ರಿನೇ ಹೋಗ್ಬಿಟ್ರು ಅಮ್ಮಾ."

ಬಕೆಟ್ಟು ಅಲ್ಲೇ ಇಟ್ಟು ಗೋಡೆಗೆ ಒರಗಿ ನಿಂತೆ. ಎರಡು ದಿನ ಏಳು ಏಳು ಅಂತ ಹೇಳಿಕೊಂಡೇ ಇದ್ದೆನಲ್ಲ, ಅದು ಯಾರಿಗೆ ಹೋಯಿತು? ಹೋದವಳಿಗೋ, ಆ ಗುರುತು ಪರಿಚಯವಿಲ್ಲದ ಅಜ್ಜನಿಗೋ, ಯಾರಿಗೂ ಇಲ್ಲವೋ? ತಲೆ ಚಿಟ್ಟು ಹಿಡಿದುಹೋಯಿತು. ಮೊದಲೇ ನಾನು ನಿಜ ಹೇಳಿದ್ದರೆ ಆ ಮನುಷ್ಯ ನಿಜವಾಗಿ ಪ್ರಾರ್ಥನೆ ಗೊತ್ತಿರುವ ಯಾರನ್ನಾದರೂ ಹುಡುಕಿಕೊಳ್ಳುತ್ತಿದ್ದನೇನೋ. ನನ್ನ ಹದಿನೈದು ನಿಮಿಷದ ಕುರ್ಚಿಗಾಗಿ ಅವನ ದಿನಗಳನ್ನೆಲ್ಲ ಹಾಳು ಮಾಡಿದೆ ಅನ್ನಿಸಿ ನಾಚಿಕೆಯಿಂದ ಮೈ ಕುಗ್ಗಿತು.

ಮಧ್ಯಾಹ್ನ ಮಾಪು ಹಿಡಿದು ಪ್ರಾರ್ಥನಾ ಕೋಣೆಯ ಬಾಗಿಲು ತಳ್ಳಿದರೆ, ಅವನು ಅಲ್ಲಿದ್ದ. ಮಡಿಲಲ್ಲಿ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹೆಂಗಸರ ಚಪ್ಪಲಿ, ಒಂದು ಬಾಚಣಿಗೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ಪಕ್ಕ, ನನ್ನ ಮೂಲೆಯ ಕುರ್ಚಿ ಖಾಲಿ ಇತ್ತು.

ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. ಇನ್ನೊಂದು ಕ್ಷಣ ತಡೆದರೂ ಹೇಳಲಾಗುತ್ತಿರಲಿಲ್ಲ.

"ಅಣ್ಣಾ, ನಾನು ಪ್ರಾರ್ಥನೆ ಮಾಡ್ತಿರಲಿಲ್ಲ. ನನಗೆ ಮಂಡಿ ನೋವು. ಕೂರೋಕೆ ಬೇರೆ ಜಾಗ ಇಲ್ಲ ಅಂತ ಇಲ್ಲಿ ಕೂತಿದ್ದೆ. ನಿಮಗೆ ಮೋಸ ಮಾಡ್ದೆ."

ಅವನು ನಿಧಾನವಾಗಿ ತಲೆ ಎತ್ತಿದ. "ಗೊತ್ತು ಅಕ್ಕಾ."

"ಏನು ಗೊತ್ತು?"

"ಮೊದಲನೇ ದಿನಾನೇ ಗೊತ್ತಿತ್ತು. ನೀವು ಗೊರಕೆ ಹೊಡೀತಿದ್ರಿ."

ಅಷ್ಟು ದುಃಖದಲ್ಲೂ ನನ್ನ ಕಿವಿ ಬಿಸಿಯಾಯಿತು. "ಮತ್ತೆ ಸೇರಿಸ್ಕೊಳ್ಳಿ ಅಂದ್ರಲ್ಲ?"

"ನಿಮಗೆ ಎಚ್ಚರ ಆಗ್ಬಿಡ್ತು. ಒದ್ದೆ ನೆಲ ತುಳಿದು ಬಂದಿದ್ದೆ ಬೇರೆ. ಏನಾದ್ರೂ ಹೇಳ್ಬೇಕಿತ್ತು, ಅದು ಬಾಯಿಗೆ ಬಂತು." ಅವನು ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ನಮ್ಮನೆಯವಳೂ ಗೊರಕೆ ಹೊಡೀತಿದ್ಲು. ಇಪ್ಪತ್ತಾರು ವರ್ಷ ಅವಳ ಜೊತೆ ಅದಕ್ಕೆ ಜಗಳ ಆಡಿದ್ದೀನಿ. ಅಲ್ಲಿ ಒಳಗೆ ಅವಳ ಕಡೆಯಿಂದ ಸದ್ದೇ ಇಲ್ಲ, ಬರೀ ಮಷೀನ್ ಸದ್ದು. ಆಚೆ ಬಂದು ಕಾರಿಡಾರಲ್ಲಿ ನಿಂತಾಗ ಈ ಕೋಣೆಯಿಂದ ಗೊರಕೆ ಕೇಳಿಸ್ತು. ಕಾಲು ತಾನಾಗೇ ಬಂತು ಅಕ್ಕಾ. ಆಮೇಲೆ ದಿನಾ ಅದನ್ನ ಕೇಳೋಕೇ ಬರ್ತಿದ್ದೆ."

ಮಾಪಿನ ಕೋಲು ಹಿಡಿದುಕೊಂಡೇ ಹೇಳಿದೆ, "ಆದ್ರೆ ನಾನು ಏಳು ಅಂತ ಹೇಳ್ತಿದ್ದೆ. ಒರೆಸುವಾಗ. ದಿನಾ. ಅವರು ಹೋದಮೇಲೂ ಎರಡು ದಿನ ಹೇಳಿದ್ದೀನಿ, ಗೊತ್ತಿಲ್ದೆ."

"ನಿಜವಾಗ್ಲೂ ಹೇಳಿದ್ರಾ?" ಅಂದ. ಅವನು ಅಷ್ಟು ದಿನದಲ್ಲಿ ಅಳುವುದನ್ನು ನಾನು ನೋಡಿದ್ದು ಆಗಲೇ. ಕೀಲಿ ಗೊಂಚಲು ಕೂಡ ಅವನ ಜೊತೆ ಅಲುಗಿ ಸದ್ದು ಮಾಡಿತು. ಕಣ್ಣೊರೆಸಿಕೊಂಡು ಕೇಳಿದ, "ಈಗ ಏಳರಲ್ಲಿ ಯಾರಿದ್ದಾರೆ?"

"ಯಾರೋ ಒಬ್ಬ ಅಜ್ಜ. ಗಂಜಿ ಕುಡಿದ್ರಂತೆ."

"ಹಾಗಾದ್ರೆ ಅವರಿಗೇ ಇರ್ಲಿ ಬಿಡಿ." ಅವನು ಮೂಲೆಯ ಕುರ್ಚಿಯನ್ನು ಕೈಯಲ್ಲಿ ತಟ್ಟಿದ. "ಬನ್ನಿ, ಕೂತ್ಕೊಳ್ಳಿ."

ನಾನು ಇನ್ನೂ ಒರೆಸಿರಲಿಲ್ಲ. ನೆಲ ಒಣಗೇ ಇತ್ತು. ಯಾಕೆ ಕೂತೆ ಅಂತ ಯಾರಾದರೂ ಕೇಳಿದರೆ ಹೇಳಲು ನೆವ ಇರಲಿಲ್ಲ. ಮಾಪನ್ನು ಬಾಗಿಲಿಗೆ ಒರಗಿಸಿ, ಹೋಗಿ ಕೂತೆ. ನಿದ್ದೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಫಾರಂ ಹಿಡಿದು ಬಂದ. ನಮ್ಮಿಬ್ಬರನ್ನು ನೋಡಿ ಬಾಗಿಲಲ್ಲೇ ನಿಂತುಕೊಂಡ.

"ನೆಲ ಒಣಗಿದೆ ಸಾರ್, ಬನ್ನಿ" ಅಂದೆ. ಕುರ್ಚಿಯಿಂದ ಏಳಲಿಲ್ಲ. ಏಳಬೇಕು ಅಂತ ಮಂಡಿ ಹವಣಿಸಿತು, ಹತ್ತೊಂಬತ್ತು ವರ್ಷದ ಅಭ್ಯಾಸ. ಕೈಯಿಂದ ಅದನ್ನು ಅದುಮಿ ಹಿಡಿದೆ.

ಅವನು ಶೂ ಬಿಚ್ಚಿ ಒಳಗೆ ಬಂದು ಎದುರಿನ ಕುರ್ಚಿಯ ತುದಿಯಲ್ಲಿ ಕೂತ. ದನಿ ತಗ್ಗಿಸಿ, "ಏನಂತ ಬರೀಲಿ ಅಮ್ಮಾ?" ಅಂದ.

"ಕೂತಿದ್ದೆ ಅಂತ ಬರೀರಿ."

"ಯಾಕೆ ಕೂತಿದ್ರಿ ಅಂತ ಕೇಳಿರೋದು. ಎರಡೇ ಚೌಕ ಇರೋದು."

"ನನಗೆ ಗೊತ್ತಿಲ್ಲ ಸಾರ್. ಸತ್ಯವಾಗ್ಲೂ ಗೊತ್ತಿಲ್ಲ. ಕೂತಿದ್ದಂತೂ ನಿಜ. ಮೂರನೇ ಚೌಕ ಒಂದು ಗೀಚಿ, ಪೆನ್ನು ನಿಮ್ಮ ಹತ್ರಾನೇ ಇದೆ."

ಅವನು ಬೀಗದವನ ಮುಖ ನೋಡಿದ, ಅವನ ಮಡಿಲಲ್ಲಿದ್ದ ಚಪ್ಪಲಿ ನೋಡಿದ. ಆಮೇಲೆ ಫಾರಂ ತೊಡೆಯ ಮೇಲಿಟ್ಟುಕೊಂಡು, ಕೆಳಗೆ ಖಾಲಿ ಇದ್ದ ಜಾಗದಲ್ಲಿ ಸೊಟ್ಟಗೆ ಒಂದು ಚೌಕ ಎಳೆದ. ಅದರ ಮುಂದೆ 'ಕೂತಿದ್ದೆ' ಅಂತ ಬರೆದು, ನನ್ನ ಕೈಯಲ್ಲಿ ರುಜು ಹಾಕಿಸಿಕೊಂಡ. "ಮೇಲಿನವರು ಏನಂತಾರೋ ನನಗೂ ಗೊತ್ತಿಲ್ಲ" ಅಂದ. ಆದರೆ ತಕ್ಷಣ ಎದ್ದು ಹೋಗಲಿಲ್ಲ.

ಇದಾಗಿ ಎಂಟು ದಿನ. ಮೇಲಿನವರಿಂದ ಇನ್ನೂ ಆರ್ಡರ್ ಬಂದಿಲ್ಲ. ಲಾಂಡ್ರಿಗೆ ಹಾಕಿದರೆ ಮೂರನೇ ಚೌಕದ ಕಾಗದ ಕೇಳಿ ತೆಗೆದುಕೊಂಡು ಅವರ ಮೇಜಿನ ಮುಂದೆ ಹೋಗುತ್ತೇನೆ. ಅಲ್ಲಿ ಕುರ್ಚಿ ಇದ್ದರೆ ಅದರಲ್ಲೂ ಕೂರುತ್ತೇನೆ.

ಈಗ ಆ ಕೋಣೆಯನ್ನೂ ನಾನು ಒಳಗಿನ ಗೋಡೆಯಿಂದ ಶುರುಮಾಡಿ ಬಾಗಿಲಿಗೆ ಮುಗಿಸುತ್ತೇನೆ. ಫ್ಯಾನ್ ಹಾಕುತ್ತೇನೆ. ನಂಬರ್ ಹೇಳಿಕೊಳ್ಳುವುದು ಬಿಟ್ಟಿಲ್ಲ, ಏಳನ್ನೂ. ನೆಲ ಒಣಗುವವರೆಗೆ ಕಾಯುವವರ ಜೊತೆ ನಾನೂ ಹೊರಗೆ ನಿಲ್ಲುತ್ತೇನೆ. ಒಣಗಿದ ಮೇಲೆ ಅವರ ಜೊತೆಯಲ್ಲೇ ಒಳಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂರುತ್ತೇನೆ. ಪ್ರಾರ್ಥನೆಯೋ ನಿದ್ದೆಯೋ, ಆ ಹೊತ್ತಿಗೆ ಯಾವುದು ಬರುತ್ತದೋ ಅದು. ನಿನ್ನೆ ಪಕ್ಕದಲ್ಲಿ ಹೊಸಬಳೊಬ್ಬಳು ಕೂತಳು. ಅಕ್ಕಾ, ಒಂಬತ್ತನೇ ಬೆಡ್ಡು, ನಮ್ಮಮ್ಮ ಅಂದಳು. ನಾನು ಗೊರಕೆ ಹೊಡೆಯುವವಳಮ್ಮ, ನೋಡಿಕೋ ಅಂದೆ. ಅವಳು ಹೊಡೀರಿ ಪರವಾಗಿಲ್ಲ ಅಂತ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.